ಕೋವಿಯ ಸದ್ದು, ಕಾಡಿನ ಕಿವಿ

ಚಾಮರಾಜನಗರದ ಹಳೆಯ ಸಂಗತಿಗಳನ್ನು ಬಲ್ಲವರಿಗೆ ಜಾರ್ಜ್ ಪೆರೆಸ್ ಸ್ಯಾಂಡರ್‌ಸನ್ ಎಂಬ ಹೆಸರು ಅಪರಿಚಿತವಲ್ಲ. 1848ರಲ್ಲಿ ಹುಟ್ಟಿ 1892ರಲ್ಲಿ ತೀರಿಕೊಂಡ ಈತ ಮೈಸೂರು ಸರ್ಕಾರದ ನಾಲೆಗಳ ಕೆಲಸಕ್ಕೆ ಸೇರಿ, ಮುಂದೆ ಆನೆ ಹಿಡಿಸುವ ವಿಭಾಗದ ಮುಖ್ಯಸ್ಥನಾದ. ಚಾಮರಾಜನಗರದ ಸಮೀಪ ‘ಮಾರ್ಲೆ ಹಾಲ್’ ಎಂಬ ಬಂಗಲೆಯಲ್ಲಿದ್ದುಕೊಂಡು ಬಿಳಿಗಿರಿರಂಗನ ಬೆಟ್ಟದ ತಪ್ಪಲನ್ನು ಸುತ್ತಿದ. 1874ರಲ್ಲಿ ಈ ಸೀಮೆಯಲ್ಲಿ ಆತ ನಡೆಸಿದ ಖೆಡ್ಡಾದಲ್ಲಿ ಐವತ್ತಕ್ಕೂ ಹೆಚ್ಚು ಕಾಡಾನೆಗಳು ಒಮ್ಮೆಗೇ ಸೆರೆಯಾದವು. ತನ್ನ ಅನುಭವಗಳನ್ನೆಲ್ಲ 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ಆ ಪುಸ್ತಕದಲ್ಲಿ ಸ್ಯಾಂಡರ್‌ಸನ್ ತನ್ನ ಕೋವಿಗಳ ಬಗ್ಗೆ ಲೆಕ್ಕಪತ್ರದಷ್ಟು ಕರಾರುವಾಕ್ಕಾಗಿ ಬರೆದಿದ್ದಾನೆ. ಮೊದಲು 12 ಬೋರಿನ ಕೋವಿಯಿಂದ ಆನೆಗಳನ್ನು ಹೊಡೆದು, ಅದು ಸಾಲದೆಂದು ಕಂಡು, 4 ಬೋರಿನದನ್ನು ಮಾಡಿಸಿಕೊಂಡ. ಕೊನೆಗೆ ಬಳಸುತ್ತಿದ್ದ 4 ಬೋರಿನ ಕೋವಿಯ ತೂಕ ಹತ್ತೊಂಬತ್ತೂವರೆ ಪೌಂಡ್, ಎಂದರೆ ಸುಮಾರು 9 ಕಿಲೋಗ್ರಾಂ. ಒಂದು ಈಡಿಗೆ ತುಂಬುತ್ತಿದ್ದ ಕರಿಮದ್ದು 12 ಡ್ರಾಮ್, ಸುಮಾರು 21 ಗ್ರಾಂ. ‘ಬೋರ್’ ಎಂಬುದು ಹಳೆಯ ಅಳತೆ. ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ಗುಂಡುಗಳನ್ನು ಎರೆಯಬಹುದೋ ಅದೇ ಬೋರಿನ ಸಂಖ್ಯೆ. 12 ಬೋರಿನ ನಳಿಗೆಯ ವ್ಯಾಸ 18.5 ಮಿ.ಮೀ. ಎಂದು ಕೊಟ್ಟರೆ 4 ಬೋರಿನದು ಎಷ್ಟಿರಬೇಕು? ಗೋಳದ ಘನಫಲ ವ್ಯಾಸದ ಘನಕ್ಕೆ ಅನುಪಾತದಲ್ಲಿರುವುದರಿಂದ 3ರ ಘನಮೂಲದಿಂದ ಗುಣಿಸಿದರಾಯಿತು: ಸುಮಾರು 26.7 ಮಿ.ಮೀ. ಒಂದು ಅಂಗುಲಕ್ಕೂ ತುಸು ಹೆಚ್ಚು! ತರಗತಿಯಲ್ಲಿ ಕೇಳಲು ಒಳ್ಳೆಯ ಪ್ರಶ್ನೆ.

ಇಂಥ ಕೋವಿ ಹೆಗಲಿಗೆ ಕೊಡುವ ಹೊಡೆತವನ್ನು ಆ ಕಾಲದ ಬೇಟೆಗಾರರೆಲ್ಲ ಬಲ್ಲವರಾಗಿದ್ದರು. ತೂಕ ಹೆಚ್ಚಿಸಿದ್ದೇ ಅದಕ್ಕಾಗಿ. ಕಾಡತೂಸು, ಮದ್ದು, ಹಿಂದೊದೆತ ಎಲ್ಲಕ್ಕೂ ಲೆಕ್ಕ ಇಟ್ಟಿದ್ದರು. ಹೆಗಲಿಗಿಂತ ಒಂದು ಗೇಣು ಮೇಲಿದ್ದ ಕಿವಿಗೆ ಮಾತ್ರ ಯಾರೂ ಲೆಕ್ಕ ಇಡಲಿಲ್ಲ. ಹೆಗಲು ನೀಲಿಗಟ್ಟುತ್ತದೆ, ನೋಯುತ್ತದೆ. ಒಳಗಿವಿ ಕೆಟ್ಟರೆ ನೋವಿಲ್ಲ, ರಕ್ತವಿಲ್ಲ, ಗಾಯದ ಗುರುತೂ ಇಲ್ಲ. ಕೋವಿಯಿಂದ ಕಿವಿಯನ್ನು ಕಾಪಾಡಿಕೊಳ್ಳುವ ವಿದ್ಯೆ ಕೋವಿ ಹುಟ್ಟಿ ಐದಾರು ಶತಮಾನ ಕಳೆದರೂ ಹುಟ್ಟದಿದ್ದುದಕ್ಕೆ ಮುಖ್ಯ ಕಾರಣ ಇದೇ ಎಂದು ನನಗನಿಸುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಸ್ಯಾಂಡರ್‌ಸನ್‌ನಂಥವರಿಗೆ ಕಾಡಿನಲ್ಲಿ ದಾರಿ ತೋರಿಸುತ್ತಿದ್ದವರು ಸೋಲಿಗರು. ಜಾಡು ಹಿಡಿಯುವವನು ಸಹಜವಾಗಿ ಮುಂದೆ, ಕೋವಿ ಹಿಡಿದವನು ಅವನ ಹಿಂದೆ. ಕೋವಿಯ ಸದ್ದು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದಿಲ್ಲ. ನಳಿಗೆಯ ಬಾಯಿ ನೋಡುವ ಕಡೆಗೆ ಅದು ಹೆಚ್ಚು, ಹಿಂದಕ್ಕೆ ಕಡಿಮೆ. ಈಡು ಹಾರಿಸಿದವನಿಗಿಂತ ಅವನ ಮುಂದೆ ಬದಿಗೆ ಸರಿದು ನಿಂತವನ ಕಿವಿಗೆ ಬೀಳುವ ಒತ್ತಡವೇ ಅಧಿಕ. ಬೇಟೆಯ ಪುಸ್ತಕಗಳಲ್ಲಿ ದಾಖಲಾಗಿರುವುದು ಹಾರಿಸಿದವರ ಅನುಭವ. ಮುಂದೆ ನಿಂತವರು ಪುಸ್ತಕ ಬರೆಯಲಿಲ್ಲ.

ಸದ್ದಿನ ಒಳಗೇನಿದೆ?

ನಾವು ‘ಢಂ’ ಎಂದು ಕೇಳುವ ಸದ್ದಿನಲ್ಲಿ ಎರಡು ಅಂಶಗಳಿರಬಹುದು. ಗುಂಡು ಹೊರಬಿದ್ದ ಕೂಡಲೇ ನಳಿಗೆಯೊಳಗಿನ ಅಧಿಕ ಒತ್ತಡದ ಬಿಸಿ ಅನಿಲ ಹೊರಗಿನ ಗಾಳಿಗೆ ನುಗ್ಗುತ್ತದೆ. ಇದರಿಂದ ಹುಟ್ಟುವ ಆಘಾತ ತರಂಗವೇ ಮೊದಲನೆಯದು. ಗುಂಡು ಧ್ವನಿಯ ವೇಗವನ್ನು (ಸೆಕೆಂಡಿಗೆ ಸುಮಾರು 340 ಮೀಟರ್) ಮೀರಿದ್ದರೆ ಅದು ಸಾಗಿದ ದಾರಿಯುದ್ದಕ್ಕೂ ಚಾಟಿ ಬೀಸಿದಂಥ ‘ಛಟ್’ ಸದ್ದು ಉಂಟಾಗುತ್ತದೆ. ಇದು ಎರಡನೆಯದು. ಕರಿಮದ್ದು ನಿಧಾನವಾಗಿ ಉರಿಯುವುದರಿಂದ ಹಳೆಯ ಕೋವಿಗಳ ಸದ್ದು ಗುಡುಗಿನಂತೆ ದಪ್ಪವಾಗಿರುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ ಮೇಲೆ ಚಿತ್ರ ಬದಲಾಯಿತು. ನಳಿಗೆ ಕಿರಿದಾಯಿತು, ಗುಂಡಿನ ವೇಗ ಏರಿತು, ಒತ್ತಡ ಹೆಚ್ಚಿತು. ಸದ್ದು ಹರಿತವಾಯಿತು.

ಧ್ವನಿಯನ್ನು ಅಳೆಯುವ ಡೆಸಿಬೆಲ್ ಲಾಗರಿತಮ್ ಮಾನ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತು. ಆರೋಗ್ಯವಂತ ಕಿವಿಗೆ ಕೇಳುವ ಅತಿ ಸಣ್ಣ ಸದ್ದಿನ ಒತ್ತಡ 20 ಮೈಕ್ರೋಪಾಸ್ಕಲ್. ಅದು ಸೊನ್ನೆ ಡೆಸಿಬೆಲ್. ಒತ್ತಡ ಹತ್ತು ಪಟ್ಟಾದಾಗಲೆಲ್ಲ 20 ಡೆಸಿಬೆಲ್ ಕೂಡಿಸಬೇಕು. ಸಾಧಾರಣ ಮಾತುಕತೆ ಸುಮಾರು 60 ಡೆಸಿಬೆಲ್, ಎಂದರೆ 0.02 ಪಾಸ್ಕಲ್. ಸೇನೆ, ಪೊಲೀಸರು ಬಳಸುವ ರೈಫಲ್ ಹಾರಿಸಿದಾಗ ಹಾರಿಸುವವರ ಕಿವಿಯ ಬಳಿ ಶೃಂಗ ಒತ್ತಡ 160 ಡೆಸಿಬೆಲ್‌ನ ಆಸುಪಾಸಿನಲ್ಲಿರುತ್ತದೆ. ಅದು 2000 ಪಾಸ್ಕಲ್. ಮಾತಿನ ಒತ್ತಡಕ್ಕಿಂತ ಒಂದು ಲಕ್ಷ ಪಟ್ಟು! ಅನೇಕ ದೇಶಗಳ ಕಾರ್ಮಿಕ ನಿಯಮಗಳು ಬರಿಗಿವಿಗೆ 140 ಡೆಸಿಬೆಲ್ ಶೃಂಗವನ್ನು ದಾಟಬಾರದ ಗೆರೆಯೆಂದು ಗುರುತಿಸಿವೆ. ಸಣ್ಣ 0.22 ರೈಫಲನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಬಂದೂಕುಗಳೂ ಈ ಗೆರೆಯನ್ನು ಮೊದಲ ಈಡಿಗೇ ದಾಟುತ್ತವೆ. ನಳಿಗೆ ಗಿಡ್ಡವಾದಷ್ಟೂ ಅದರ ಬಾಯಿ ಕಿವಿಗೆ ಹತ್ತಿರ. ಅನಿಲ ಹೊರಬೀಳುವಾಗಿನ ಒತ್ತಡವೂ ಹೆಚ್ಚು. ಆದ್ದರಿಂದ ಉದ್ದ ರೈಫಲಿಗಿಂತ ಅದೇ ತೋಟಾದ ಕಾರ್ಬೈನ್ ಕಿವಿಗೆ ಕ್ರೂರಿ.

ಮೊಬೈಲಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದರ ಪುಟ್ಟ ಮೈಕು ಇಷ್ಟು ಒತ್ತಡವನ್ನು ಹಿಡಿಯಲಾರದು. ಇಷ್ಟು ಕ್ಷಣಿಕವಾದ ಶೃಂಗ ಅದಕ್ಕೆ ಸಿಗುವುದೂ ಇಲ್ಲ. ಪಟಾಕಿಯನ್ನೋ ಕೋವಿಯನ್ನೋ ಮೊಬೈಲಿನಲ್ಲಿ ಅಳೆದು ‘110 ಅಷ್ಟೇ’ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ತಡವಾಗಿ ಮುಚ್ಚುವ ಬಾಗಿಲು

ಜೋರು ಸದ್ದಿನಿಂದ ತಪ್ಪಿಸಿಕೊಳ್ಳಲು ಕಿವಿಗೆ ತನ್ನದೇ ಆದ ಏರ್ಪಾಡು ಇದೆ. ನಡುಗಿವಿಯ ರಿಕಾಪು ಮೂಳೆಗೆ ಅಂಟಿಕೊಂಡ ಸ್ಟೆಪೀಡಿಯಸ್, ದೇಹದ ಅತಿ ಚಿಕ್ಕ ಅಸ್ಥಿಸ್ನಾಯು. ದೊಡ್ಡ ಸದ್ದು ಬಿದ್ದೊಡನೆ ಇದು ಬಿಗಿದು ಮೂಳೆಯ ಚಲನೆಯನ್ನು ತಗ್ಗಿಸುತ್ತದೆ. ಆದರೆ ಈ ಪ್ರತಿವರ್ತನೆಗೆ ಕನಿಷ್ಠ 25 ಮಿಲಿಸೆಕೆಂಡ್ ಬೇಕು. ಎಷ್ಟೋ ಸಲ 100 ಮಿಲಿಸೆಕೆಂಡ್ ಕೂಡ ಹಿಡಿಯುತ್ತದೆ. ಬಂದೂಕಿನ ಒತ್ತಡದ ಶೃಂಗ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿದಿರುತ್ತದೆ. ಕಿವಿ ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಸದ್ದು ಎಂಟು ಮೀಟರ್ ಆಚೆಯ ಮರವನ್ನು ದಾಟಿರುತ್ತದೆ. ಗುಡುಗು, ಘೀಳು, ಘರ್ಜನೆಗಳ ನಡುವೆ ವಿಕಾಸಗೊಂಡ ಕಿವಿಗೆ ಇಷ್ಟು ಚುರುಕಾದ ಸದ್ದಿನ ಪರಿಚಯವೇ ಇರಲಿಲ್ಲ.

ಪೆಟ್ಟು ಬೀಳುವುದು ಒಳಗಿವಿಯ ಕಾಕ್ಲಿಯಕ್ಕೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಈ ಅಂಗದಲ್ಲಿ ಸುಮಾರು 3,500 ಒಳ ರೋಮಕೋಶಗಳೂ 12,000 ಹೊರ ರೋಮಕೋಶಗಳೂ ಇವೆ. ಹುಟ್ಟಿದಾಗ ಇದ್ದಷ್ಟೇ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. (ಕೋಳಿಯಲ್ಲಿ ಹುಟ್ಟುತ್ತವೆ! ಸಸ್ತನಿಗಳಿಗೆ ಆ ಭಾಗ್ಯವಿಲ್ಲ.) ಸ್ಫೋಟದ ಸದ್ದಿನಿಂದ ಮೊದಲು ಕೆಡುವುದು 4000 ಹರ್ಟ್ಸ್ ಆವೃತ್ತಿಯ ಸುತ್ತಮುತ್ತಲಿನ ಭಾಗ. ಕಿವಿನಾಳದ ಅನುರಣನ 3000 ಹರ್ಟ್ಸ್ ಬಳಿ ಇದ್ದು ಆ ಭಾಗದ ಧ್ವನಿಯನ್ನು ಹಿಗ್ಗಿಸುವುದು ಇದಕ್ಕೆ ಒಂದು ಕಾರಣ. ಬಲಗೈಯವರು ಬಂದೂಕು ಹಿಡಿದಾಗ ಬಲಗಿವಿ ಹೆಗಲಿನತ್ತ ಬಾಗಿ ತಲೆಯ ನೆರಳಿನಲ್ಲಿರುತ್ತದೆ, ಎಡಗಿವಿ ನಳಿಗೆಗೆ ಎದುರಾಗಿರುತ್ತದೆ. ಹೀಗಾಗಿ ಅವರಿಗೆ ಎಡಗಿವಿ ಹೆಚ್ಚು ಕೆಡುತ್ತದೆ. ಶ್ರವಣ ನಕ್ಷೆ ನೋಡಿಯೇ ಅನುಭವಿಗಳು ‘ಕೋವಿ ಹಿಡಿದಿದ್ದಿರಾ?’ ಎಂದು ಕೇಳುವುದುಂಟು.

4000 ಹರ್ಟ್ಸ್ ಹೋದರೆ ಏನಾಯಿತು, ಮಾತು ಕೇಳಿದರೆ ಸಾಲದೆ? ಇಲ್ಲೇ ಇರುವುದು ತೊಂದರೆ. ಅ, ಆ, ಓ ಮುಂತಾದ ಸ್ವರಗಳ ಶಕ್ತಿ ಕೆಳ ಆವೃತ್ತಿಯಲ್ಲಿದೆ. ಸ, ಶ, ಚ, ತ, ಕ ಇವುಗಳ ಗುರುತು ಮೇಲಿನ ಆವೃತ್ತಿಯಲ್ಲಿದೆ. ಕಿವಿ ಕೆಟ್ಟವರಿಗೆ ‘ಸಾಲ’, ‘ಚಾಲ’, ‘ಕಾಲ’ ಮೂರೂ ಒಂದೇ ‘ಆಲ’. ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ. ‘ಗಟ್ಟಿಯಾಗಿ ಮಾತಾಡಿ’ ಎನ್ನುವ ಬದಲು ‘ಗೊಣಗಬೇಡಿ’ ಎಂದು ಎದುರಿನವರ ಮೇಲೆ ರೇಗುವುದು ಇದರ ಮೊದಲ ಚಿಹ್ನೆ. ಕಾಡಿನವರಿಗೆ ನಷ್ಟ ಇನ್ನೂ ವಿಚಿತ್ರ. ತರಗೆಲೆಯ ಸರಸರ, ಒಣಕಡ್ಡಿಯ ಚಟಕ್, ಜೀರುಂಡೆ ಥಟ್ಟನೆ ಸುಮ್ಮನಾಗುವುದು ಎಲ್ಲವೂ ಮೇಲಿನ ಆವೃತ್ತಿಯ ಸುದ್ದಿಗಳೇ. ಕೋವಿ ಮೊದಲು ಕಸಿದುಕೊಳ್ಳುವುದು ಬೇಟೆಗಾರನಿಗೆ ಅತಿ ಅಗತ್ಯವಾದ ಸದ್ದುಗಳನ್ನೇ.

ನನ್ನ ವಿದ್ಯಾರ್ಥಿ ದೆಸೆಯ ಎನ್.ಸಿ.ಸಿ. ಶಿಬಿರವೊಂದು ಇಲ್ಲಿ ನೆನಪಾಗುತ್ತದೆ. 0.303 ರೈಫಲಿನಲ್ಲಿ ಐದೈದು ಈಡು ಹೊಡೆಯುವ ಭಾಗ್ಯ. ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ಉಳಿದವರು ಹಾಸ್ಯ ಮಾಡಿದರು. ನಾನು ಹಾಸ್ಯ ಮಾಡಿದವರ ಗುಂಪಿನಲ್ಲಿದ್ದೆ. ಆ ರಾತ್ರಿಯೆಲ್ಲ ಕಿವಿಯೊಳಗೆ ಜೀರುಂಡೆ. ಬೆಳಗಾಗುವಷ್ಟರಲ್ಲಿ ಸರಿಹೋಯಿತು, ಮರೆತೂ ಹೋಯಿತು. ಹೀಗೆ ‘ಸರಿಹೋಗುವುದನ್ನು’ ತಾತ್ಕಾಲಿಕ ಶ್ರವಣ ಕುಸಿತ ಎಂದು ಕರೆದು, ಅದು ನಿರಪಾಯಕಾರಿ ಎಂದೇ ಬಹುಕಾಲ ನಂಬಲಾಗಿತ್ತು. 2009ರಲ್ಲಿ ಅಮೆರಿಕದ ಶರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳ ಮೇಲೆ ನಡೆಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಜೋರು ಸದ್ದಿನ ಬಳಿಕ ಇಲಿಗಳ ಶ್ರವಣ ಮಿತಿ ಮೊದಲಿನ ಮಟ್ಟಕ್ಕೆ ಮರಳಿತ್ತು, ರೋಮಕೋಶಗಳೂ ಉಳಿದಿದ್ದವು. ಆದರೆ ಆ ಕೋಶಗಳನ್ನು ನರಕ್ಕೆ ಜೋಡಿಸುವ ಸಂಧಿಗಳು ದೊಡ್ಡ ಸಂಖ್ಯೆಯಲ್ಲಿ ಶಾಶ್ವತವಾಗಿ ನಾಶವಾಗಿದ್ದವು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ಎಂಬ ಚರ್ಚೆ ನಡೆದಿದೆ. ನನ್ನ ಮಟ್ಟಿಗೆ, ಮದುವೆ ಮನೆಯ ಗದ್ದಲದಲ್ಲಿ ಎದುರಿನವರ ಮಾತು ಹಿಡಿಯಲು ಕಷ್ಟವಾದಾಗಲೆಲ್ಲ ಆ ಐದು ಈಡುಗಳ ನೆನಪು ಬರುತ್ತದೆ.

ಕಮ್ಮಾರನ ಕಿವಿ, ಗೋಲಂದಾಜನ ಕಿವಿ

ಫಿರಂಗಿಯವರು ಕಿವುಡರಾಗುತ್ತಾರೆ ಎಂಬುದು ಲೋಕಕ್ಕೆ ಗೊತ್ತಿರಲಿಲ್ಲವೆಂದಲ್ಲ. 1782ರಲ್ಲಿ ವೆಸ್ಟ್ ಇಂಡೀಸ್ ಬಳಿಯ ನೌಕಾಯುದ್ಧದಲ್ಲಿ ಬ್ರಿಟಿಷ್ ಅಡ್ಮಿರಲ್ ರಾಡ್ನಿಯ ಹಡಗು ‘ಫಾರ್ಮಿಡಬಲ್’ ಒಂದು ಪಕ್ಕದ ಫಿರಂಗಿಗಳನ್ನೆಲ್ಲ ಒಟ್ಟಿಗೆ ಎಂಬತ್ತು ಸಲ ಹಾರಿಸಿತು. ರಾಡ್ನಿ ಹದಿನಾಲ್ಕು ದಿನ ಕಿವುಡಾಗಿದ್ದನೆಂಬ ದಾಖಲೆ ಇದೆ. ಆದರೆ ಅದನ್ನು ಯುದ್ಧದ ಸಹಜ ಸುಂಕ ಎಂದೇ ಭಾವಿಸಿದರು.

ವೈದ್ಯರ ಗಮನ ಸೆಳೆದದ್ದು ಸೈನಿಕರಲ್ಲ, ಕಾರ್ಮಿಕರು. 1831ರಲ್ಲಿ ಜಾನ್ ಫಾಸ್‌ಬ್ರೂಕ್ ಕಮ್ಮಾರರ ಕಿವುಡಿನ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ನೂರು ಮಂದಿ ಬಾಯ್ಲರ್ ಕಾರ್ಮಿಕರ ಕಿವಿಯನ್ನು ಜೇಬು ಗಡಿಯಾರದ ಟಿಕ್‌ಟಿಕ್ ಕೇಳಿಸಿ ಪರೀಕ್ಷಿಸಿದ. ಒಬ್ಬನದೂ ಸರಿಯಿರಲಿಲ್ಲ. 1890ರಲ್ಲಿ ಹ್ಯಾಬರ್‌ಮನ್ ಎಂಬ ವೈದ್ಯ, ಕಿವುಡನಾಗಿದ್ದ ವೃದ್ಧ ಕಮ್ಮಾರನೊಬ್ಬನ ಒಳಗಿವಿಯನ್ನು ಮರಣಾನಂತರ ಸೂಕ್ಷ್ಮದರ್ಶಕದಲ್ಲಿ ನೋಡಿ, ಕೆಟ್ಟಿರುವುದು ಕಾಕ್ಲಿಯ ಎಂದು ತೋರಿಸಿದ. ಸ್ಯಾಂಡರ್‌ಸನ್ ಬದುಕಿದ್ದಾಗಲೇ ಇಷ್ಟು ತಿಳಿದಿತ್ತು. ಆದರೆ ಗ್ಲಾಸ್ಗೋದ ಬಾಯ್ಲರ್ ಕೊಟ್ಟಿಗೆಗೂ ಚಾಮರಾಜನಗರದ ಬಿದಿರುಮೆಳೆಗೂ ಸಂಬಂಧ ಕಲ್ಪಿಸಿದವರಿರಲಿಲ್ಲ. ಗಡಿಯಾರ ಬಿಟ್ಟು ವಿದ್ಯುತ್ ಶ್ರವಣಮಾಪಕ ಬಂದದ್ದು, ಡೆಸಿಬೆಲ್ ಎಂಬ ಮಾನ ಹುಟ್ಟಿದ್ದು 1920ರ ದಶಕದಲ್ಲಿ. ಅಳೆಯಲಾಗದ ನಷ್ಟವನ್ನು ನಂಬಿಸುವುದು ಕಷ್ಟ.

ನಮ್ಮ ಓದುಗರಲ್ಲಿ ಜಿಮ್ ಕಾರ್ಬೆಟ್‌ನ ನರಭಕ್ಷಕ ಹುಲಿಗಳ ಕಥೆ ಓದದವರು ವಿರಳ. 1929ರಲ್ಲಿ ಪಕ್ಕದಲ್ಲಿದ್ದ ಬೇಟೆಗಾರ ಹಾರಿಸಿದ ಭಾರಿ ರೈಫಲಿನ ಬಾಯಿ ಆತನ ಕಿವಿಗೆ ತೀರ ಹತ್ತಿರವಿದ್ದು, ಕಿವಿಯ ತಮಟೆ ಹರಿಯಿತು. ಕಿವಿಯೊಳಗೆ ಕೀವುಗಟ್ಟಿ ತಲೆ ಊದಿಕೊಂಡ ಸ್ಥಿತಿಯಲ್ಲಿಯೇ ಆತ ತಲ್ಲಾ ದೇಶ್ ಎಂಬಲ್ಲಿ ನರಭಕ್ಷಕನ ಬೆನ್ನು ಹತ್ತಿದ. ಕಾಡಿನಲ್ಲಿ ಸದ್ದು ಬಂದ ದಿಕ್ಕನ್ನು ಹಿಡಿಯಲು ಎರಡೂ ಕಿವಿ ಬೇಕು. ಎರಡು ಕಿವಿಗಳಿಗೆ ಧ್ವನಿ ತಲಪುವ ಸಮಯದ ವ್ಯತ್ಯಾಸ ಹೆಚ್ಚೆಂದರೆ ಮಿಲಿಸೆಕೆಂಡಿನ ಮೂರನೇ ಎರಡು ಭಾಗ. ಮಿದುಳು ಅಷ್ಟರಲ್ಲಿಯೇ ದಿಕ್ಕನ್ನು ಲೆಕ್ಕ ಹಾಕುತ್ತದೆ. ಒಂದು ಕಿವಿ ಹೋದರೆ ಆ ಲೆಕ್ಕವೂ ಹೋಯಿತು.

ಹತ್ತಿಯಿಂದ ಬೆಂಡಿನವರೆಗೆ

ಕಿವಿಗೆ ಹತ್ತಿ ತುರುಕುವುದು ಹಳೆಯ ಉಪಾಯ. ಹತ್ತಿಯ ಎಳೆಗಳ ನಡುವೆ ಗಾಳಿ ಸರಾಗವಾಗಿ ಓಡಾಡುತ್ತದೆ. ಗಾಳಿ ಓಡಾಡಿದಲ್ಲಿ ಧ್ವನಿಯೂ ಓಡಾಡುತ್ತದೆ. ಐದರಿಂದ ಹತ್ತು ಡೆಸಿಬೆಲ್ ಕಡಿಮೆಯಾದರೆ ಪುಣ್ಯ. 160ರ ಶೃಂಗ 152ಕ್ಕೆ ಇಳಿದರೆ ಕಾಕ್ಲಿಯಕ್ಕೆ ದೊಡ್ಡ ಉಪಕಾರವೇನೂ ಆಗದು. ಬೆರಳು ಇದಕ್ಕಿಂತ ಎಷ್ಟೋ ಮೇಲು, ಆದರೆ ಕೋವಿ ಹಿಡಿದವನಿಗೆ ಬೆರಳು ಬಿಡುವಿಲ್ಲ. ಫಿರಂಗಿ ಹಾರುವಾಗ ಬಾಯಿ ತೆರೆಯಬೇಕೆಂಬ ರೂಢಿಯೂ ಇದೆ. ಗಂಟಲಿನಿಂದ ನಡುಗಿವಿಗೆ ಹೋಗುವ ನಾಳ ತೆರೆದು ತಮಟೆಯ ಎರಡೂ ಬದಿಯ ಒತ್ತಡ ಸಮವಾಗಲಿ ಎಂಬುದು ತರ್ಕ. ಅದರಿಂದ ಕಾಕ್ಲಿಯಕ್ಕಂತೂ ರಕ್ಷಣೆ ಇಲ್ಲ.

1907ರಲ್ಲಿ ಜರ್ಮನಿಯ ಮ್ಯಾಕ್ಸ್ ನೆಗ್ವರ್ ಮೇಣ ಮತ್ತು ಹತ್ತಿ ಬೆರೆಸಿದ ಬೆಣೆಯನ್ನು ರೂಪಿಸಿದ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರಿಗೆ ಅದು ಒದಗಿತು; ಬ್ರಿಟಿಷರಲ್ಲಿ ಮ್ಯಾಲಕ್–ಆರ್ಮ್‌ಸ್ಟ್ರಾಂಗ್ ಕರ್ಣರಕ್ಷಕ ಬಳಕೆಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ‘ವಿ–51ಆರ್’ ಎಂಬ ರಬ್ಬರ್ ಬೆಣೆಯನ್ನು ಹಂಚಿತು. ಆ ಯುದ್ಧ ಮುಗಿದಾಗ ಕಿವಿ ಕಳೆದುಕೊಂಡು ಮರಳಿದ ಸೈನಿಕರ ಸಂಖ್ಯೆ ಎಷ್ಟಿತ್ತೆಂದರೆ, ಅವರ ಪುನರ್ವಸತಿಯ ಕೆಲಸದಿಂದಲೇ ಶ್ರವಣವಿಜ್ಞಾನ ಎಂಬ ವೃತ್ತಿ ಬೆಳೆಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದ ಮಧ್ಯದಲ್ಲಿ ಆರಂಭವಾದದ್ದು ಈ ವಿದ್ಯೆ ನಮ್ಮಲ್ಲಿ ಬೇರೂರಿದ ಕಾಲ. ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಅದು ಸುಮಾರು ಅರವತ್ತು ಕಿಲೋಮೀಟರ್.

ಇಂದು ಎಲ್ಲೆಡೆ ಕಾಣುವ ಹಳದಿ ಬೆಂಡು 1960ರ ದಶಕದಲ್ಲಿ ಅಮೆರಿಕದ ರಾಸ್ ಗಾರ್ಡನರ್ ಮತ್ತು ಸಂಗಡಿಗರ ಪ್ರಯೋಗಾಲಯದಲ್ಲಿ ಹುಟ್ಟಿ 1972ರಲ್ಲಿ ಮಾರುಕಟ್ಟೆಗೆ ಬಂತು. ಹಿಸುಕಿದರೆ ಕುಗ್ಗಿ, ಬಿಟ್ಟರೆ ನಿಧಾನವಾಗಿ ಹಿಗ್ಗುವ ನೊರೆ ಪ್ಲಾಸ್ಟಿಕ್. ಇದನ್ನು ಹಾಕಿಕೊಳ್ಳುವುದೇ ಒಂದು ಕಲೆ. ಬೆರಳಲ್ಲಿ ಹೊಸೆದು ಬತ್ತಿಯಂತೆ ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ನಾಳವನ್ನು ನೇರ ಮಾಡಿಕೊಳ್ಳಬೇಕು. ಬತ್ತಿಯನ್ನು ಒಳಕ್ಕೆ ತಳ್ಳಿ, ಅದು ಹಿಗ್ಗುವ ತನಕ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೀಗೆ ಹಾಕಿದರೆ 25–30 ಡೆಸಿಬೆಲ್ ರಕ್ಷಣೆ; 160 ಇದ್ದದ್ದು 135ರ ಕೆಳಗಿಳಿಯುತ್ತದೆ. ಬಿರಡೆಯಂತೆ ಕಿವಿಯ ಬಾಯಲ್ಲಿ ಸಿಕ್ಕಿಸಿಕೊಂಡರೆ ಅರ್ಧವೂ ಇಲ್ಲ. ಪೊಟ್ಟಣದ ಮೇಲೆ ಮುದ್ರಿಸಿರುವ ಸಂಖ್ಯೆ ಪ್ರಯೋಗಾಲಯದ್ದು ಎಂಬುದು ನೆನಪಿರಲಿ.

ನಾಲ್ಕು ಗೋಡೆಗಳ ನಡುವೆ

ಬಯಲಿನಲ್ಲಿ ಹಾರಿಸಿದ ಈಡಿನ ತರಂಗ ಕಿವಿಯನ್ನು ಒಮ್ಮೆ ದಾಟಿದರೆ ಮುಗಿಯಿತು. ದೂರ ಇಮ್ಮಡಿಯಾದಂತೆ ಒತ್ತಡ ಅರ್ಧವಾಗುತ್ತ, ಎಂದರೆ 6 ಡೆಸಿಬೆಲ್ ಇಳಿಯುತ್ತ ಹೋಗುತ್ತದೆ. ಒಳಾಂಗಣದಲ್ಲಿ ಹಾಗಲ್ಲ. ಆರು ಮೀಟರ್ ಅಗಲದ ಕೋಣೆಯ ನಡುವೆ ನಿಂತು ಹಾರಿಸಿದ ಸದ್ದು ಗೋಡೆಗೆ ಬಡಿದು ಮರಳಲು 18 ಮಿಲಿಸೆಕೆಂಡ್ ಸಾಕು. ಸೂರು, ನೆಲ, ನಾಲ್ಕು ಗೋಡೆ ಎಲ್ಲವೂ ಅದನ್ನು ಚೆಂಡಿನಂತೆ ಎಸೆದಾಡುತ್ತವೆ. ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಸಲ ಗೋಡೆ ಮುಟ್ಟಿ ಬರುವ ತರಂಗ ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಕ್ಷೀಣಿಸುತ್ತದೆ. ನೇರ ತರಂಗದ ಶೃಂಗ ಬಯಲಿನಲ್ಲಿದ್ದಷ್ಟೇ ಇದ್ದರೂ ಕಿವಿಗೆ ಬೀಳುವ ಒಟ್ಟು ಶಕ್ತಿ ಬಹಳ ಹೆಚ್ಚು. ಗಟ್ಟಿ ಗೋಡೆಗೆ ಒತ್ತಿ ನಿಂತವರಿಗೆ ಬರುವ ತರಂಗ, ಮರಳುವ ತರಂಗ ಎರಡೂ ಕೂಡಿ ಒತ್ತಡ ಇಮ್ಮಡಿಯೂ ಆಗಬಹುದು. ಹೀಗಾಗಿ ಒಳಾಂಗಣ ಗುರಿಶಾಲೆಯಲ್ಲಿ ಕಿವಿಯೊಳಗೆ ಬೆಂಡು, ಅದರ ಮೇಲೆ ಬಟ್ಟಲಿನಾಕಾರದ ಕಿವಿಗವಸು, ಎರಡನ್ನೂ ಧರಿಸುವುದು ನಿಯಮ. ಎರಡರ ಡೆಸಿಬೆಲ್‌ಗಳನ್ನು ಕೂಡಿಸಿಬಿಡಬಾರದು. ಎರಡನೆಯದರಿಂದ ಸಿಗುವುದು ಇನ್ನೈದು ಡೆಸಿಬೆಲ್ ಅಷ್ಟೆ. ಕಿವಿನಾಳವನ್ನು ಪೂರ್ತಿ ಮುಚ್ಚಿದರೂ ತಲೆಬುರುಡೆಯ ಮೂಳೆಯ ಮೂಲಕ ಧ್ವನಿ ಒಳಹೊಗುವುದನ್ನು ತಡೆಯಲಾಗದು. ಗುರಿಶಾಲೆಯ ಗೋಡೆಗಳಿಗೆ ಧ್ವನಿ ಹೀರುವ ಹೊದಿಕೆ ಹಾಕುವುದು ಬೆಂಡಿನಷ್ಟೇ ಮುಖ್ಯ.

ಕಿವಿ ಮುಚ್ಚಿದರೆ ಪ್ರಾಣ, ತೆರೆದರೆ ಕಿವಿ

ಗುರಿಶಾಲೆಯಲ್ಲಿ ಎಲ್ಲರಿಗೂ ಮುಂಚೆಯೇ ತಿಳಿದಿರುತ್ತದೆ, ಈಡು ಯಾವಾಗ ಹಾರುತ್ತದೆಂದು. ಕದನದಲ್ಲಿ? ಇಂದಿನ ಚಾಮರಾಜನಗರ ಜಿಲ್ಲೆ ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. 1992ರ ಆಗಸ್ಟ್ 14ರಂದು, ಆಗ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ ಮೀಣ್ಯಂ ಬಳಿ ವೀರಪ್ಪನ್ ತಂಡ ಹೊಂಚುಹಾಕಿ ನಡೆಸಿದ ದಾಳಿಯಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತವರ ಸಂಗಡಿಗರು ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಸಮೀಪ ನೆಲಬಾಂಬುಗಳು ಸಿಡಿದು 22 ಮಂದಿ ಸತ್ತರು. ಸ್ಫೋಟದ ಒತ್ತಡ 35,000 ಪಾಸ್ಕಲ್ ಮುಟ್ಟಿದರೆ ಕಿವಿಯ ತಮಟೆ ಹರಿಯತೊಡಗುತ್ತದೆ. ಬಾಂಬಿನ ಬಳಿ ಬದುಕುಳಿದವರಲ್ಲಿ ಮೊದಲು ಪರೀಕ್ಷಿಸುವ ಅಂಗಗಳಲ್ಲಿ ಕಿವಿಯೂ ಒಂದು. ಮಲೆ ಮಹದೇಶ್ವರ ಬೆಟ್ಟದ ಕಣಿವೆಗಳಲ್ಲಿ 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸಾಯುವ ತನಕವೂ ಅಲೆದ ಕಾರ್ಯಪಡೆಯವರ ಸ್ಥಿತಿಯನ್ನು ಯೋಚಿಸಿ. ಹತ್ತು ಮಾರು ಆಚೆ ಏನೂ ಕಾಣದ ಕುರುಚಲು ಕಾಡಿನಲ್ಲಿ ಹೊಂಚು ಕುಳಿತವನನ್ನು ಕಣ್ಣಿಗಿಂತ ಮೊದಲು ಹಿಡಿಯಬೇಕಾದ್ದು ಕಿವಿ. ಬೆಂಡು ತುರುಕಿಕೊಂಡರೆ ತರಗೆಲೆಯ ಸದ್ದಿಲ್ಲ, ಪಿಸುದನಿಯ ಆಜ್ಞೆಯಿಲ್ಲ. ಕಿವಿಗವಸು ಹಾಕಿದರೆ ಹೊರಗಿವಿಯ ಮಡಿಕೆಗಳು ಮುಚ್ಚಿಹೋಗಿ, ಸದ್ದು ಮುಂದಿನಿಂದ ಬಂತೋ ಹಿಂದಿನಿಂದಲೋ ತಿಳಿಯದು. ಬರಿಗಿವಿಯಲ್ಲಿ ಹೋದರೆ ಮೊದಲ ಈಡಿನೊಂದಿಗೇ ಕಿವಿ ಗುಂಯ್‌ಗುಟ್ಟಿ, ಆ ಮೇಲಿನ ಆಜ್ಞೆಗಳೇ ಕೇಳವು. ಲೋಕದ ಎಲ್ಲ ಸೇನೆಗಳಲ್ಲೂ ಕಾಲಾಳುಗಳು ಬೆಂಡನ್ನು ಜೇಬಿನಲ್ಲಿಯೇ ಬಿಡುವುದಕ್ಕೆ ಕಾರಣ ಅಸಡ್ಡೆಯಲ್ಲ, ಈ ಇಕ್ಕಟ್ಟು. ಅಮೆರಿಕದಲ್ಲಿ ನಿವೃತ್ತ ಸೈನಿಕರು ಪರಿಹಾರ ಪಡೆಯುವ ಸೇವಾ ಅಂಗವೈಕಲ್ಯಗಳಲ್ಲಿ ಮೊದಲ ಸ್ಥಾನ ಕಿವಿಮೊರೆತದ್ದು.

ಇಕ್ಕಟ್ಟಿಗೆ ಭೌತವಿಜ್ಞಾನ ಒಂದು ಜಾಣ ಉತ್ತರ ಕೊಟ್ಟಿದೆ. ಬೆಣೆಯ ನಡುವೆ ಅತಿ ಸಣ್ಣ ರಂಧ್ರ ಬಿಟ್ಟರೆ ಮೆಲುದನಿಯ ಮೆಲ್ಲನೆಯ ಗಾಳಿಯ ಕಂಪನ ಅದರ ಮೂಲಕ ಸರಾಗವಾಗಿ ಹಾದುಹೋಗುತ್ತದೆ. ಸ್ಫೋಟದ ಒತ್ತಡ ಬಂದಾಗ ಗಾಳಿ ರಂಧ್ರದಲ್ಲಿ ರಭಸದಿಂದ ನುಗ್ಗಿ ಸುಳಿಗಳೆದ್ದು, ರಂಧ್ರ ತಾನಾಗಿಯೇ ತಡೆಯೊಡ್ಡುತ್ತದೆ. ಸದ್ದು ಹೆಚ್ಚಿದಷ್ಟೂ ತಡೆ ಹೆಚ್ಚು. ಬ್ಯಾಟರಿಯಿಲ್ಲ, ಸ್ವಿಚ್ಚಿಲ್ಲ! ಫ್ರಾನ್ಸ್ ಮತ್ತು ಜರ್ಮನಿಗಳು ಸೇಂಟ್ ಲೂಯಿಯಲ್ಲಿ ಜಂಟಿಯಾಗಿ ನಡೆಸುವ ಸಂಶೋಧನಾ ಸಂಸ್ಥೆಯ ಈ ಕಲ್ಪನೆಯನ್ನು ಆಧರಿಸಿ, ಹಳದಿ ಬೆಂಡನ್ನು ಮಾರುಕಟ್ಟೆಗೆ ತಂದ ಕಂಪನಿಯ ಉತ್ತರಾಧಿಕಾರಿ ಸಂಸ್ಥೆಯೇ ಎರಡು ತುದಿಯ ಕದನ ಬೆಣೆಯನ್ನು ಮಾಡಿತು. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಅಮೆರಿಕದ ಸೈನಿಕರು ಅದನ್ನು ಬಳಸಿದರು. ಕಲ್ಪನೆ ಸರಿಯಿತ್ತು, ಬೆಣೆ ಗಿಡ್ಡವಾಗಿದ್ದು ಕೆಲವರ ಕಿವಿಯಲ್ಲಿ ಗೊತ್ತಿಲ್ಲದಂತೆ ಸಡಿಲಗೊಳ್ಳುತ್ತಿತ್ತು ಎಂಬುದು ಆರೋಪ. ಲಕ್ಷಾಂತರ ಮಾಜಿ ಸೈನಿಕರು ಮೊಕದ್ದಮೆ ಹೂಡಿದರು. ಆ ಸಂಸ್ಥೆಯನ್ನು ಕೊಂಡಿದ್ದ 3ಎಂ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 2023ರಲ್ಲಿ 600 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಕೆಲವು ಮಿಲಿಮೀಟರುಗಳ ಜಗಳ! ಈಚೆಗೆ ಎಲೆಕ್ಟ್ರಾನಿಕ್ ಕಿವಿಗವಸುಗಳೂ ಬಂದಿವೆ. ಹೊರಗಿನ ಮೈಕು ಮೆಲುದನಿಯನ್ನು ಹಿಗ್ಗಿಸಿ ಒಳಗೆ ಕೇಳಿಸುತ್ತದೆ, ಸದ್ದು ಮಿತಿ ಮೀರಿದೊಡನೆ ಹಿಗ್ಗಿಸುವುದನ್ನು ನಿಲ್ಲಿಸುತ್ತದೆ. ಸ್ಟೆಪೀಡಿಯಸ್ ಸ್ನಾಯು ಮಾಡಲಾಗದ್ದನ್ನು ಟ್ರಾನ್ಸಿಸ್ಟರ್ ಮಾಡುತ್ತದೆ ಎನ್ನಬಹುದು.

ಹೊಲದಂಚಿನ ಢಂಕಾರ

1972ರ ವನ್ಯಜೀವಿ ಕಾಯಿದೆಯ ಮೇಲೆ ಬೇಟೆಯ ಕೋವಿ ಈ ಕಾಡುಗಳಲ್ಲಿ ಸುಮ್ಮನಾಯಿತು. ಬಂಡೀಪುರ ಹುಲಿ ಯೋಜನೆಗೆ ಸೇರಿತು. ಸದ್ದು ನಿಂತಿಲ್ಲ. ದಸರೆಗೆ ಹೋಗುವ ಆನೆಗಳಲ್ಲಿ ಬಂಡೀಪುರದ ರಾಂಪುರ ಶಿಬಿರದವೂ ಇರುತ್ತವೆ. ಜಂಬೂ ಸವಾರಿಯ 21 ಕುಶಾಲತೋಪಿಗೆ ಬೆದರದಿರಲೆಂದು ಮೈಸೂರಿನಲ್ಲಿ ಅವುಗಳ ಮುಂದೆ ವಾರಗಟ್ಟಲೆ ತಾಲೀಮು ನಡೆಯುತ್ತದೆ. ಬೆದರದಿರುವುದನ್ನು ಆನೆ ಕಲಿಯುತ್ತದೆ. ಕಾಕ್ಲಿಯಕ್ಕೆ ಅಂಥ ಕಲಿಕೆ ಇಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿಯೂ ನಿತ್ಯದ ಸದ್ದು ಉಂಟು. ಜೋಳ, ಬಾಳೆ, ಕಬ್ಬಿಗೆ ಇಳಿಯುವ ಕಾಡಾನೆಗಳನ್ನು ಓಡಿಸಲು ರೈತರೂ ಅರಣ್ಯ ಇಲಾಖೆಯ ಕಾವಲುಗಾರರೂ ಪಟಾಕಿ ಸಿಡಿಸುತ್ತಾರೆ. ಸ್ಯಾಂಡರ್‌ಸನ್‌ನ ಕಾಲದಲ್ಲಿ ಆನೆಗಳನ್ನು ಖೆಡ್ಡಾಕ್ಕೆ ತಳ್ಳಿದ್ದು ಸದ್ದು. ಈಗ ಹೊಲದಿಂದ ಅಟ್ಟುವುದೂ ಸದ್ದೇ.

ನಮ್ಮ ದೇಶದಲ್ಲಿ 1999ರಲ್ಲಿ ರೂಪಿಸಿದ ನಿಯಮದಂತೆ, ಪಟಾಕಿ ಸಿಡಿದ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ ಅದರ ಶೃಂಗ 145 ಡೆಸಿಬೆಲ್ ಮೀರುವಂತಿಲ್ಲ. ನಾಲ್ಕು ಮೀಟರಿನಲ್ಲಿ 145 ಎಂದರೆ ಎರಡು ಮೀಟರಿನಲ್ಲಿ 151, ಒಂದು ಮೀಟರಿನಲ್ಲಿ 157. ನಿಯಮಬದ್ಧ ಪಟಾಕಿಯೇ ಕೈಯಳತೆಯಲ್ಲಿ ಸಿಡಿದರೆ ರೈಫಲಿಗೆ ಹತ್ತಿರ. ಹಬ್ಬಕ್ಕೆ ಸುಡುವವರಿಗೆ ಅದು ವರ್ಷಕ್ಕೆರಡು ದಿನ. ಬೆಳೆ ಕಾಯುವವರಿಗೆ ಫಸಲು ನಿಂತಷ್ಟು ರಾತ್ರಿ.

ಅಟ್ಟಣೆಯ ಮೇಲೆ ಕುಳಿತವನ ಇಕ್ಕಟ್ಟು ಬೆಟ್ಟದ ಕಾರ್ಯಪಡೆಯವರದೇ. ಆನೆ ಸದ್ದಿಲ್ಲದೆ ನಡೆಯುವ ಪ್ರಾಣಿ. ಬಾಳೆಯ ಎಲೆ ಸೀಳಿದ ಸಪ್ಪಳ, ಬೇಲಿಯ ಒಣಕಡ್ಡಿ ಮುರಿದ ಸಪ್ಪಳ, ಕತ್ತಲಲ್ಲಿ ಅವನಿಗೆ ಸಿಗುವ ಸೂಚನೆ ಅಷ್ಟೇ. ಹಾಗಾಗಿ ರಾತ್ರಿಯಿಡೀ ಕಿವಿ ತೆರೆದಿರಬೇಕು, ಬತ್ತಿ ಹಚ್ಚುವಾಗ ಮಾತ್ರ ಮುಚ್ಚಿರಬೇಕು. ನೊರೆ ಬೆಂಡು ಇದಕ್ಕೆ ಒದಗದು. ಅದನ್ನು ಹೊಸೆದು ಹಾಕಿಕೊಳ್ಳುವಷ್ಟರಲ್ಲಿ ಆನೆ ಅರ್ಧ ತೋಟ ದಾಟಿರುತ್ತದೆ. ಕುತ್ತಿಗೆಗೆ ನೇತುಹಾಕಿಕೊಳ್ಳುವ ಕಿವಿಗವಸಾದರೆ ಒಂದೇ ಕೈಯಲ್ಲಿ ಮೇಲಕ್ಕೆ ಸರಿಸಬಹುದು. ಕಲ್ಲುಗಣಿಯಲ್ಲಿ, ಕಾರ್ಖಾನೆಯಲ್ಲಿ ಬಳಸುವುದೂ ಇದನ್ನೇ. ಅದೂ ಇಲ್ಲದಿದ್ದರೆ ಬತ್ತಿ ಉದ್ದದ ಪಟಾಕಿ ಆರಿಸಿ, ಕೈಯಲ್ಲಿ ಹಿಡಿದು ಎಸೆಯದೆ ನೆಲದಲ್ಲಿಟ್ಟು ಹಚ್ಚಿ, ಹತ್ತು ಹೆಜ್ಜೆ ಹಿಂದಕ್ಕೆ ಓಡಿ ಎರಡೂ ಕಿವಿಗೆ ಬೆರಳಿಟ್ಟುಕೊಳ್ಳುವುದು. ಒಂದು ಮೀಟರಿನಿಂದ ಎಂಟು ಮೀಟರಿಗೆ ಸರಿದರೆ 18 ಡೆಸಿಬೆಲ್ ಇಳಿಯುತ್ತದೆ, ಬೆರಳಿನದು ಇನ್ನಷ್ಟು. ಸಿಡಿದ ಮೇಲೆ ಬೆರಳು ತೆಗೆದು, ಬಾಳೆತೋಟದ ಯಾವ ಮೂಲೆಯಲ್ಲಿ ಎಲೆ ಅಲುಗಿತೆಂದು ಆತ ಮತ್ತೆ ಆಲಿಸಬೇಕು.